ಕಾಲೇಜಿನಲ್ಲಿ ಸೀಟು ಸಿಕ್ಕಿತು, ಬಸ್ಸಿನಲ್ಲಿ?

ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಮನೆಗಳಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಮುಂದೆ ಏನು ಓದಿಸುವುದು? ದಿನಾ ಹೋಗಿ ಬರುವುದು ಹೇಗೆ? ಮೊದಲನೆಯದಕ್ಕೆ ಸಲಹೆ ಕೊಡಲು ಊರಿಗೆ ಊರೇ ಮುಂದೆ ಬರುತ್ತದೆ. ಎರಡನೆಯದನ್ನು ಮಾತ್ರ ‘ಹೇಗೋ ಆಗುತ್ತೆ ಬಿಡಿ’ ಎಂದು ತೇಲಿಸಿಬಿಡುತ್ತೇವೆ. ಆದರೆ ಎಷ್ಟೋ ಮಕ್ಕಳ, ಅದರಲ್ಲೂ ಹೆಣ್ಣುಮಕ್ಕಳ, ಓದು ಮುಗ್ಗರಿಸುವುದು ಈ ಎರಡನೆಯ ಪ್ರಶ್ನೆಯಲ್ಲೇ.

ಸ್ವಲ್ಪ ಲೆಕ್ಕ ಹಾಕೋಣ. ಎರಡೂ ಊರುಗಳಿಂದ ಮೈಸೂರಿಗೆ ಸುಮಾರು 60 ಕಿ.ಮೀ. ಹೋಗಿ ಬಂದರೆ 120. ಒಂದು ಕಡೆಯ ಪ್ರಯಾಣಕ್ಕೆ ಸುಮಾರು ಒಂದೂವರೆ ಗಂಟೆ. ಮೈಸೂರು ತಲುಪಿದರೆ ಮಾನಸಗಂಗೋತ್ರಿ ತಲುಪಿದಂತಲ್ಲ. ಅಲ್ಲಿಂದ ಸಿಟಿ ಬಸ್ಸು, ಕಾಯುವಿಕೆ ಎಲ್ಲ ಸೇರಿ ಇನ್ನೊಂದು ಅರ್ಧ ಗಂಟೆ. ಅಲ್ಲಿಗೆ ದಿನಕ್ಕೆ 4 ಗಂಟೆ. ವರ್ಷಕ್ಕೆ 200 ದಿನ ತರಗತಿ ಎಂದುಕೊಂಡರೂ 800 ಗಂಟೆ ದಾರಿಯಲ್ಲೇ ಕಳೆಯಿತು. ದುಡ್ಡಿನ ಲೆಕ್ಕ ಬರೆದಿಡುವ ನಾವು ಈ ಗಂಟೆಗಳ ಲೆಕ್ಕವನ್ನೂ ಬರೆದಿಡಬೇಕು.

ಚಾಮರಾಜನಗರದವರಿಗೆ ರೈಲು ಇದೆ. 1926ರಲ್ಲಿ ಬಂದ ಹಳಿ ಇದು. ಮೀಟರ್ ಗೇಜು ಹೋಗಿ ಬ್ರಾಡ್ ಗೇಜು ಆಗಿದೆ. ಬದನಗುಪ್ಪೆ, ಕವಲಂದೆ, ನಂಜನಗೂಡಿನ ಮಕ್ಕಳಿಗೂ ಇದೇ ಆಸರೆ. ರೈಲ್ವೆಯ ತಿಂಗಳ ಸೀಸನ್ ಟಿಕೆಟ್ಟಿನಲ್ಲಿ ವಿದ್ಯಾರ್ಥಿಗಳಿಗೆ ಅರ್ಧ ರಿಯಾಯಿತಿ ಇದೆ. ಪದವಿಯವರೆಗೆ ಓದುವ ಹೆಣ್ಣುಮಕ್ಕಳಿಗೆ, ಹನ್ನೆರಡನೆಯ ತರಗತಿಯವರೆಗಿನ ಗಂಡುಮಕ್ಕಳಿಗೆ ಮನೆ–ಕಾಲೇಜಿನ ನಡುವೆ ಎರಡನೆಯ ದರ್ಜೆಯ ಸೀಸನ್ ಟಿಕೆಟ್ ಉಚಿತ. ಇದಕ್ಕೆ ಕಾಲೇಜಿನಿಂದ ಪ್ರಮಾಣಪತ್ರ ಬೇಕು. ಈ ಟಿಕೆಟ್ ಹಿಡಿದು ಕಾಯ್ದಿರಿಸಿದ ಬೋಗಿ ಹತ್ತುವಂತಿಲ್ಲ ಎಂಬುದು ನೆನಪಿರಲಿ. ರೈಲಿನ ತೊಂದರೆ ಒಂದೇ: ಗಾಡಿಗಳ ಸಂಖ್ಯೆ ಕಡಿಮೆ, ಒಂದು ತಪ್ಪಿದರೆ ಮುಂದಿನದಕ್ಕೆ ಬಹಳ ಕಾಯಬೇಕು.

ಗುಂಡ್ಲುಪೇಟೆಗೆ ರೈಲು ಇಲ್ಲ. ಬೇಗೂರು, ನಂಜನಗೂಡಿನ ಮೇಲೆ ಸಾಗುವ ರಾಷ್ಟ್ರೀಯ ಹೆದ್ದಾರಿ 766ರ ಬಸ್ಸುಗಳೇ ಗತಿ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ಟಿನ ಚಿಂತೆ ತಪ್ಪಿತು. ಆದರೆ ಗುಂಡ್ಲುಪೇಟೆಯವರು ಗಮನಿಸಬೇಕಾದ ಮಾತೊಂದಿದೆ. ಊಟಿ, ಸುಲ್ತಾನ್ ಬತ್ತೇರಿ ಕಡೆಯಿಂದ ಬರುವ ಬಸ್ಸುಗಳು ಅಂತರರಾಜ್ಯ ಬಸ್ಸುಗಳು. ಅವುಗಳಲ್ಲಿ ಶಕ್ತಿ ಯೋಜನೆ ನಡೆಯುವುದಿಲ್ಲ. ಹತ್ತುವ ಮುನ್ನ ಬೋರ್ಡು ನೋಡಿ. ಗಂಡುಮಕ್ಕಳು ಸೇವಾಸಿಂಧು ಮೂಲಕ ವಿದ್ಯಾರ್ಥಿ ಪಾಸಿಗೆ ಅರ್ಜಿ ಹಾಕಬೇಕು. ಪಾಸಿಗೆ ದೂರದ ಮಿತಿಯೂ ಉಂಟು, ನಮೂದಿಸಿದ ಮಾರ್ಗದ ಕಟ್ಟುಪಾಡೂ ಉಂಟು. ಮೈಸೂರಿನವರೆಗೆ ಪಾಸು ಸಿಗುವುದೇ ಎಂದು ಕಾಲೇಜಿಗೆ ಶುಲ್ಕ ಕಟ್ಟುವ ಮುನ್ನವೇ ಡಿಪೋದಲ್ಲಿ ಕೇಳಿಕೊಳ್ಳಿ.

ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ಮೈಸೂರೇ ಬೇಕೆ ಎಂದೂ ಒಮ್ಮೆ ಯೋಚಿಸಬೇಕು. ಚಾಮರಾಜನಗರದ ಹೊರಗೆ ಬೇಡರಪುರದ ಬಳಿ ಸುವರ್ಣಗಂಗೋತ್ರಿ ಇದೆ. ಮೊದಲು ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಇದು 2023ರಲ್ಲಿ ಚಾಮರಾಜನಗರ ವಿಶ್ವವಿದ್ಯಾಲಯವಾಯಿತು. ಇದೂ ಸೇರಿದಂತೆ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು 2025ರಲ್ಲಿ ಎದ್ದಾಗ ಚರ್ಚೆಯಾದದ್ದು ಹೆಚ್ಚಾಗಿ ಹಣಕಾಸಿನದು. ತೆರಕಣಾಂಬಿಯ ಹುಡುಗಿಯ ಕಣ್ಣಿನಲ್ಲಿ ಅದು ದಾರಿಯ ಪ್ರಶ್ನೆ. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಸುಮಾರು 36 ಕಿ.ಮೀ., ಮೈಸೂರಿಗೆ 60. ಸಂಜೆ ಬೆಳಕಿರುವಾಗಲೇ ಮನೆ ಸೇರುವ ಕಡೆ ಎಂ.ಎ. ಓದಲು ಬಿಡುವ ತಂದೆ, ಕತ್ತಲಾಗುವ ಕಡೆ ಬಿಡದೆ ಹೋಗಬಹುದು. ಬಾಗಿಲ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರಿದ್ದರೂ ಸರಿ, ಆ ತರಗತಿಗಳು ಅಲ್ಲೇ ನಡೆಯುತ್ತಿರುವುದು ಮುಖ್ಯ.

ಇನ್ನು ಹಳ್ಳಿಯ ಮಕ್ಕಳ ಮಾತು. ಅವರಿಗೆ ಕಷ್ಟದ್ದು 60 ಕಿ.ಮೀ. ಅಲ್ಲ, ಮನೆಯಿಂದ ಮುಖ್ಯರಸ್ತೆಯವರೆಗಿನ ಮೊದಲ ಐದಾರು ಕಿ.ಮೀ. ಬೆಳಗಿನ ಬಸ್ಸು ತಪ್ಪಿದರೆ ಅಂದಿನ ತರಗತಿ ತಪ್ಪಿತು. ಆಗ ಆಟೋದಲ್ಲಿ ತೂಗುಬೀಳುವುದು, ಇಲ್ಲವೇ ಲೈಸೆನ್ಸ್ ಇಲ್ಲದ ಹುಡುಗನ ಬೈಕಿನಲ್ಲಿ ಮೂವರು ಕೂರುವುದು. ಹೆದ್ದಾರಿಯಲ್ಲಿ ಕೇರಳದ ಲಾರಿಗಳ ನಡುವೆ ಇದು ಪ್ರಾಣದ ಜೊತೆ ಆಟ. ಮಗನಿಗೆ ಬೈಕು ಕೊಡಿಸುವ ದುಡ್ಡಿದ್ದರೆ, ಅದೇ ದುಡ್ಡಿನಲ್ಲಿ ಹಾಸ್ಟೆಲ್ಲಿನ ಎಷ್ಟು ತಿಂಗಳು ಕಳೆಯುತ್ತವೆ ಎಂದೂ ಲೆಕ್ಕ ಹಾಕಿ. ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ವಿದ್ಯಾರ್ಥಿನಿಲಯಗಳಿಗೆ ಅರ್ಜಿ ಕರೆದ ಕೂಡಲೇ ಹಾಕಬೇಕು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳ ಊಟ–ವಸತಿಯ ನೆರವಿಗೆ ವಿದ್ಯಾಸಿರಿ ಯೋಜನೆ ಇದೆ.

ಸೇರುವ ಮುನ್ನ ಒಂದು ಪರೀಕ್ಷೆ ಮಾಡಿ ನೋಡಿ. ಒಂದು ಸೋಮವಾರ ಪೋಷಕರು ಮಗಳ ಅಥವಾ ಮಗನ ಜೊತೆ ತರಗತಿಯ ವೇಳೆಗೇ ಮನೆ ಬಿಡಿ. ಕೊನೆಯ ಪಿರಿಯಡ್ ಮುಗಿಯುವ ಹೊತ್ತಿಗೆ ಅಲ್ಲಿಂದ ಹೊರಡಿ. ಎಲ್ಲಿ ನಿಂತಿರಿ, ಎಷ್ಟು ಕಾದಿರಿ, ಮನೆ ಸೇರಿದಾಗ ಗಂಟೆ ಎಷ್ಟು, ಪುಸ್ತಕ ತೆರೆಯುವ ಶಕ್ತಿ ಉಳಿದಿತ್ತೇ, ಎಲ್ಲವನ್ನೂ ಬರೆದುಕೊಳ್ಳಿ. ಯಾವ ಮಾಹಿತಿ ಪುಸ್ತಿಕೆಯೂ ಇದನ್ನು ಹೇಳುವುದಿಲ್ಲ.

ಬಸ್ಸೇ ಸರಿಹೊಂದದಿದ್ದರೆ ಸುಮ್ಮನಿರಬೇಡಿ. ಒಬ್ಬರ ದೂರು ಕಡತ ಸೇರುತ್ತದೆ. ಊರಿನಿಂದ ಎಷ್ಟು ಮಕ್ಕಳು, ಯಾವ ಕಾಲೇಜು, ಎಷ್ಟು ಹೊತ್ತಿಗೆ ತಲುಪಬೇಕು ಎಂದು ಪಟ್ಟಿ ಮಾಡಿ, ಪ್ರಾಂಶುಪಾಲರ ಸಹಿಯೊಂದಿಗೆ ಡಿಪೋ ವ್ಯವಸ್ಥಾಪಕರಿಗೆ ಕೊಡಿ. ಬಸ್ಸನ್ನು ಕಾಲು ಗಂಟೆ ಮುಂಚೆ ಬಿಟ್ಟರೆ ನಿಗಮಕ್ಕೆ ಹೆಚ್ಚಿನ ಖರ್ಚಿಲ್ಲ. ಆ ಕಾಲು ಗಂಟೆಯಿಂದ ಒಂದು ಊರಿನ ಮಕ್ಕಳಿಗೆ ದಿನದ ಮೊದಲ ಪಾಠ ಸಿಗುತ್ತದೆ.