ಒಂಬತ್ತು ಕೊಡ ನೀರು

ಮದುವೆಯ ಮನೆಯ ಸಡಗರವನ್ನು ಬಣ್ಣಿಸಿದವರು ಬಹಳ ಮಂದಿ ಇದ್ದಾರೆ. ಮದುವೆ ಮುಗಿದ ಮಾರನೆಯ ದಿನ ಚಪ್ಪರದಡಿಯಲ್ಲಿ ಬಿದ್ದಿರುವ ಜಮಖಾನದ ಕಡೆಗೆ ಕಣ್ಣು ಹಾಯಿಸಿದವರು ಕಡಿಮೆ. ಹಿಂದಿನ ದಿನ ಅದರ ಮೇಲೆ ಬೀಗರು ಕುಳಿತಿದ್ದರು, ಮಕ್ಕಳು ಉರುಳಾಡಿದ್ದರು. ಒಬ್ಬರ ಕೈಯಿಂದ ಪಾಯಸ ಚೆಲ್ಲಿತ್ತು, ಇನ್ನೊಬ್ಬರ ಬಾಯಿಂದ ತಾಂಬೂಲದ ರಸ ತೊಟ್ಟಿಕ್ಕಿತ್ತು. ಅರಿಶಿನ, ತುಪ್ಪ, ಕೆಂಪು ಮಣ್ಣು ತಮ್ಮ ತಮ್ಮ ಗುರುತನ್ನು ಬಿಟ್ಟು ಹೋಗಿದ್ದವು. ಇನ್ನು ಮೂರು ದಿನಕ್ಕೆ ಅದೇ ಜಮಖಾನ ಮತ್ತೊಂದು ಲಗ್ನಕ್ಕೆ ಹೊರಡಬೇಕು.

ಮುಳಬಾಗಿಲು ತಾಲ್ಲೂಕಿನ ಬೈರಕೂರು ಆಂಧ್ರದ ಗಡಿಗೆ ಸಮೀಪವಾದ ಒಂದು ಹೋಬಳಿಯ ಊರು. ಆ ಕಡೆಯ ಶಾಮಿಯಾನದ ಅಂಗಡಿಯೊಂದನ್ನು ಓದುಗರು ಕಲ್ಪಿಸಿಕೊಳ್ಳಬಹುದು. ಯಜಮಾನನಿಗೆ ವಯಸ್ಸು ನಲವತ್ತು, ಜಮಖಾನಗಳು ಇಪ್ಪತ್ತು. ಪ್ರತಿಯೊಂದು ಲಗ್ನವಾದ ಮೇಲೆ ಅವನು ಅವುಗಳನ್ನು ಅಂಗಳದಲ್ಲಿ ಹಾಸಿ, ಬಟ್ಟೆ ಒಗೆಯುವ ಪುಡಿಯನ್ನು ಧಾರಾಳವಾಗಿ ಚೆಲ್ಲಿ, ಪೊರಕೆಯಿಂದ ಉಜ್ಜಿ, ಮೇಲಿಂದ ಪೈಪಿನಲ್ಲಿ ನೀರು ಬಿಡುತ್ತಾನೆ. ಅಂದು ಸಂಜೆ ನೋಡಿದರೆ ಬಣ್ಣ ಹೊಳೆಯುತ್ತದೆ. ಆದರೆ ಮುಂದಿನ ಲಗ್ನ ಮುಗಿಯುವಷ್ಟರಲ್ಲಿ ಮೊದಲಿಗಿಂತ ಕಪ್ಪಾಗಿರುತ್ತದೆ. ಪುಡಿ ಸಾಲದೆಂದು ಅವನು ಇನ್ನೂ ಖಾರವಾದ ಪುಡಿಯನ್ನು ತರುತ್ತಾನೆ. ನೀರು ಸಾಲದೆಂದು ಟ್ಯಾಂಕರಿಗೆ ಹಣ ಕೊಡುತ್ತಾನೆ. ಬಾಡಿಗೆಯ ಹಣದಲ್ಲಿ ಒಂದು ಪಾಲು ಹೀಗೆ ಮೋರಿಗೆ ಹರಿಯುತ್ತದೆ.

ಜಗಲಿಯ ಮೇಲೆ ಕುಳಿತ ಅವನ ತಾಯಿ ಒಂದು ಮಾತು ಹೇಳಿಯಾಳು: “ಅಷ್ಟು ಪುಡಿ ಯಾಕಪ್ಪಾ ಸುರೀತೀಯ? ಹಾಕಿದ್ದನ್ನ ತೆಗೆಯೋಕೆ ನೀರು ಎಲ್ಲಿಂದ ತರ್ತೀಯ?”

ರಸಾಯನಶಾಸ್ತ್ರವನ್ನು ಓದದ ಆ ಮುದುಕಿಯ ಮಾತಿನಲ್ಲಿ ಆ ಶಾಸ್ತ್ರದ ಸಾರವೇ ಅಡಗಿದೆ. ಸಾಬೂನಾಗಲಿ ಡಿಟರ್ಜೆಂಟಾಗಲಿ, ಅದರ ಅಣುವಿಗೆ ಎರಡು ತುದಿಗಳುಂಟು. ಒಂದು ತುದಿ ಜಿಡ್ಡನ್ನು ಹಿಡಿಯುತ್ತದೆ, ಇನ್ನೊಂದು ನೀರನ್ನು ಹಿಡಿಯುತ್ತದೆ. ನೀರು ಹೋಗುವಾಗ ಜಿಡ್ಡನ್ನೂ ಎಳೆದುಕೊಂಡು ಹೋಗಲಿ ಎಂಬುದೇ ಅದರ ಉಪಾಯ. ನೀರು ಹೋಗದೆ ಅಲ್ಲಿಯೇ ಆರಿಹೋದರೆ? ಜಿಡ್ಡು ಹಿಡಿಯುವ ಅಣುಗಳೆಲ್ಲ ನೂಲಿನಲ್ಲಿಯೇ ಉಳಿದು, ಮರುದಿನದಿಂದ ಹಾದುಹೋಗುವವರ ಕಾಲಿನ ಧೂಳನ್ನು ಹಿಡಿದು ಕೂಡಿಸತೊಡಗುತ್ತವೆ. ಯಜಮಾನನ ಜಮಖಾನ ಬೇಗ ಕಪ್ಪಾಗುತ್ತಿರುವುದು ಪುಡಿ ಸಾಲದೆ ಅಲ್ಲ; ಪುಡಿ ಉಳಿದುದರಿಂದ.

ಹಾಗಾದರೆ ಮೊದಲ ಕೆಲಸ ನೀರನ್ನು ಮುಟ್ಟುವುದಲ್ಲ; ದೊಣ್ಣೆಯಿಂದ ಬಡಿಯುವುದು. ಕೋಲಾರದ ಕೆಂಪು ಮಣ್ಣು ಯಾವ ಸಾಬೂನಿನಲ್ಲಿಯೂ ಕರಗುವುದಿಲ್ಲ. ಒಣಗಿದ್ದಾಗ ಬಡಿದರೆ ಧೂಳಾಗಿ ಉದುರುತ್ತದೆ. ನೆನೆಸಿದರೆ ಕೆಸರಾಗಿ ನೂಲಿನ ಒಳಕ್ಕೆ ಇಳಿಯುತ್ತದೆ. ಹಗ್ಗದ ಮೇಲೆ ಹಾಕಿ ಹಿಂಬದಿಯಿಂದ ಬಡಿದು ಉದುರಿಸಿದಷ್ಟೂ ಮುಂದೆ ಪುಡಿಯೂ ನೀರೂ ಉಳಿಯುತ್ತವೆ.

ಇನ್ನು ನೀರಿನ ವಿಚಾರ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. 1,000 ಅಡಿ ದಾಟಿದ ಕೊಳವೆ ಬಾವಿಗಳು ಅಲ್ಲಿ ಅಪರೂಪವೇನಲ್ಲ. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಜಿಲ್ಲೆಯ ಕೆರೆಗಳಿಗೆ ಬರುತ್ತಿರುವುದು ಅಂತರ್ಜಲವನ್ನು ತುಂಬಲೆಂದು. ಬಂಡೆಯ ಆಳದಿಂದ ಮೇಲೆ ಬಂದ ನೀರು ಸುಣ್ಣದ ಲವಣಗಳನ್ನು ಹೊತ್ತು ಗಡಸಾಗಿರುವುದು ಸಾಮಾನ್ಯ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಮಿನ ಒಳಗಿರಬೇಕೆಂದೂ, ಬೇರೆ ಗತಿಯಿಲ್ಲದಿದ್ದರೆ 600ರವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕ ಹೇಳುತ್ತದೆ. ಇಂಥ ನೀರಿಗೆ ಸಾಬೂನು ಬಿದ್ದರೆ ನೊರೆಯ ಬದಲು ಮೊಸರೊಡೆದಂಥ ಗಸಿ ಉಂಟಾಗುತ್ತದೆ. ಅದು ನೀರಿನಲ್ಲಿ ಕರಗುವುದಿಲ್ಲ. ನೂಲಿಗೆ ಅಂಟಿಕೊಂಡರೆ ಬಿಡುವುದೂ ಇಲ್ಲ. ಪರೀಕ್ಷೆ ಸುಲಭ: ಒಂದು ಸೀಸೆಯಲ್ಲಿ ಅರ್ಧದಷ್ಟು ನೀರು ತುಂಬಿ, ಸಾಬೂನಿನ ತುಸು ತುರಿ ಹಾಕಿ ಕುಲುಕಬೇಕು. ನೊರೆ ನಿಂತರೆ ಮೆದು ನೀರು. ಗಸಿ ತೇಲಿದರೆ ಗಡಸು ನೀರು.

ಗಡಸು ನೀರಿನ ಊರಿಗೆ ಸಾಬೂನು ಒಗ್ಗುವುದಿಲ್ಲ, ಡಿಟರ್ಜೆಂಟು ಒಗ್ಗುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಕೊಬ್ಬಿನ ಅಭಾವದಿಂದ ಜರ್ಮನಿಯವರು ಹುಡುಕಲು ಹೊರಟ ಈ ವಸ್ತು, 1959ರಲ್ಲಿ ಸರ್ಫ್, 1969ರಲ್ಲಿ ನಿರ್ಮಾ ಎಂಬ ಹೆಸರಿನಲ್ಲಿ ನಮ್ಮ ಮನೆಗಳ ಬಚ್ಚಲನ್ನು ಸೇರಿತು. ಆದರೆ ಸುಣ್ಣದ ನೀರಿಗೆ ಅಂಜದ ಇನ್ನೊಂದು ವಸ್ತು ಅದಕ್ಕಿಂತ ಬಹಳ ಮೊದಲೇ ನಮ್ಮಲ್ಲಿತ್ತು. ಅದು ಅಂಟುವಾಳ. ಅಂಟುವಾಳದ ರಸ ಗಸಿ ಕಟ್ಟುವುದಿಲ್ಲ, ಕ್ಷಾರವೂ ಅಲ್ಲ. ರೇಷ್ಮೆಯನ್ನೂ ಕಂಬಳಿಯನ್ನೂ ಹಿರಿಯರು ಅದರಲ್ಲಿ ತೊಳೆಯುತ್ತಿದ್ದುದು ಬರಿಯ ಬಡತನದಿಂದಲ್ಲ.

ಕ್ಷಾರದ ಮಾತು ಬಂದಾಗ ಹಾಸಿನ ಜಾತಿಯನ್ನು ವಿಚಾರಿಸಲೇಬೇಕು. ಹತ್ತಿಯ ಜಮಖಾನ, ಅದು ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ನವಲಗುಂದದ್ದೇ ಆಗಿರಲಿ, ಕ್ಷಾರವನ್ನು ತಾಳುತ್ತದೆ. ಬಣ್ಣ ತಾಳುವುದೋ ಎಂಬುದನ್ನು ಮಾತ್ರ ಬಿಳಿಯ ಬಟ್ಟೆಯೊಂದನ್ನು ಒದ್ದೆ ಮಾಡಿ ಮೂಲೆಯಲ್ಲಿ ಒತ್ತಿ ನೋಡಿಕೊಳ್ಳಬೇಕು. ಈಚಿನ ಮದುವೆಗಳ ಕೆಂಪು ಪ್ಲಾಸ್ಟಿಕ್ ನೂಲಿನ ಮ್ಯಾಟು ನೀರನ್ನು ಹೀರುವುದಿಲ್ಲ, ಎಣ್ಣೆಯನ್ನು ಬಿಡುವುದಿಲ್ಲ. ಉಣ್ಣೆಯದು ಬೇರೆಯೇ ಕಥೆ. ಉಣ್ಣೆ ನಮ್ಮ ತಲೆಗೂದಲಿನ ಜಾತಿಯದು. ಸೋಡಾ ಬೆರೆತ ಪುಡಿ ಅದನ್ನು ಒರಟಾಗಿಸುತ್ತದೆ. ಕಲೆ ತಿನ್ನುವ ಕಿಣ್ವವಿರುವ ಪುಡಿ ಕಲೆಯೊಡನೆ ಉಣ್ಣೆಯನ್ನೂ ತಿನ್ನತೊಡಗುತ್ತದೆ. ಬ್ಲೀಚಿಂಗ್ ಪುಡಿಯಂತೂ ಕರಗಿಸಿಯೇಬಿಡುತ್ತದೆ. ಬಿಸಿನೀರಿನಲ್ಲಿ ಹಾಕಿ ತಿಕ್ಕಿದರೆ ಎಳೆ ಎಳೆಗೆ ಹೆಣೆದುಕೊಂಡು ಕುಗ್ಗುತ್ತದೆ. ಅದಕ್ಕೆ ಉಗುರುಬೆಚ್ಚಗಿನ ನೀರು, ಕ್ಷಾರವಿಲ್ಲದ ದ್ರವ, ಅಥವಾ ಅದೇ ಹಳೆಯ ಅಂಟುವಾಳ.

ಅರಿಶಿನದ ಕಲೆಗೆ ಪುಡಿ ಹಾಕಿದ ಯಜಮಾನ ಅದು ಕೆಂಪಾದುದನ್ನು ಕಂಡು ಬಣ್ಣ ಬಿಟ್ಟಿತೆಂದು ಹೌಹಾರಿದ್ದರೆ ಆಶ್ಚರ್ಯವಿಲ್ಲ. ಅವನ ಮನೆಯ ಹೆಂಗಸರಿಗೆ ಅದರ ಗುಟ್ಟು ಗೊತ್ತು. ಆರತಿಯ ನೀರನ್ನು ಕೆಂಪಗೆ ಮಾಡಲು ಅವರು ಅರಿಶಿನಕ್ಕೆ ಸುಣ್ಣ ಬೆರೆಸುವುದಿಲ್ಲವೆ? ಕ್ಷಾರ ತಗುಲಿದ ಅರಿಶಿನ ಕೆಂಪು, ಹುಳಿ ತಗುಲಿದರೆ ಮತ್ತೆ ಹಳದಿ. ಉಳಿದ ಹಳದಿಯನ್ನು ತೆಗೆಯುವವನು ಸೂರ್ಯ. ಅವನು ಕೂಲಿಯನ್ನೂ ಕೇಳುವುದಿಲ್ಲ.

ಈಗ ಜಾಲಿಸುವ ಲೆಕ್ಕ. ಉಜ್ಜಿ ಮುಗಿದಾಗ ಜಮಖಾನ ಒಂದು ಕೊಡದಷ್ಟು ಸಾಬೂನಿನ ನೀರನ್ನು ಹೀರಿಕೊಂಡಿದೆ ಎಂದುಕೊಳ್ಳೋಣ. ಜಾಲಿಸಲು ಇರುವುದು ಒಂಬತ್ತು ಕೊಡ. ಒಂಬತ್ತನ್ನೂ ಒಮ್ಮೆಗೇ ತೊಟ್ಟಿಗೆ ಸುರಿದು ಅದ್ದಿ ತೆಗೆದರೆ, ಹತ್ತು ಕೊಡ ನೀರಿನಲ್ಲಿ ಹರಡಿದ ಸಾಬೂನಿನಲ್ಲಿ ಒಂದು ಕೊಡದ ಪಾಲು ಜಮಖಾನದಲ್ಲಿಯೇ ಉಳಿಯುತ್ತದೆ. ಎಂದರೆ ಹತ್ತರಲ್ಲಿ ಒಂದು ಭಾಗ. ಅದೇ ನೀರನ್ನು ಮೂರು ಮೂರು ಕೊಡವಾಗಿ ಹಂಚಿ, ಒಂದೊಂದು ಸಲವೂ ಅದ್ದಿ, ಮೊದಲಿನಷ್ಟೇ ನೀರು ಉಳಿಯುವಂತೆ ಸೋರಿಸಿದರೆ, ಮೊದಲ ಸಲ ಉಳಿಯುವುದು ನಾಲ್ಕರಲ್ಲಿ ಒಂದು, ಎರಡನೆಯ ಸಲ ಹದಿನಾರರಲ್ಲಿ ಒಂದು, ಮೂರನೆಯ ಸಲ 64ರಲ್ಲಿ ಒಂದು. ನೀರು ಅಷ್ಟೇ, ಫಲ ಆರು ಪಾಲಿಗಿಂತ ಹೆಚ್ಚು! ನೂಲಿಗೆ ಅಂಟಿದ ಪುಡಿ ಇಷ್ಟು ವಿಧೇಯವಾಗಿ ಗಣಿತವನ್ನು ಅನುಸರಿಸದಿರಬಹುದು. ಆದರೂ ದಾರಿ ಇದೇ. ಪ್ರತಿ ಸಲವೂ ಸುರುಳಿ ಸುತ್ತಿ ಇಳಿಜಾರು ಕಲ್ಲಿನ ಮೇಲೆ ತುಳಿದು ನೀರನ್ನು ಹೊರಡಿಸಿದರೆ ಲೆಕ್ಕ ಇನ್ನೂ ಲಾಭದ ಕಡೆಗೆ ವಾಲುತ್ತದೆ. ಪೈಪಿನ ನೀರಾದರೋ ಹಾಸಿನ ಬೆನ್ನ ಮೇಲೆ ಜಾರಿ ಮೋರಿಗೆ ಓಡುತ್ತದೆ. ಒಳಗಿನ ಸಾಬೂನಿಗೆ ಅದು ಬಂದುದೇ ತಿಳಿಯುವುದಿಲ್ಲ.

ಮೊದಲ ಜಮಖಾನದ ಮೂರನೆಯ ನೀರು ಬಹುಮಟ್ಟಿಗೆ ತಿಳಿಯಾಗಿಯೇ ಇರುವುದರಿಂದ ಎರಡನೆಯದಕ್ಕೆ ಮೊದಲ ನೀರಾಗಿ ಸಲ್ಲುತ್ತದೆ. ಇಪ್ಪತ್ತು ಜಮಖಾನ ತೊಳೆಯುವವನಿಗೆ ಇದು ಸಣ್ಣ ಉಳಿತಾಯವಲ್ಲ. ಸಾಕಾಯಿತೋ ಇಲ್ಲವೋ ಎಂದು ತಿಳಿಯಲು ಒಂದು ಮೂಲೆಯನ್ನು ಗಾಜಿನ ಲೋಟಕ್ಕೆ ಹಿಂಡಿ, ಬಾಯಿ ಮುಚ್ಚಿ ಕುಲುಕಿದರೆ ಆಯಿತು. ನೊರೆ ನಿಂತರೆ ಇನ್ನೊಂದು ನೀರು ಬೇಕು. ಕೊನೆಯ ನೀರಿಗೆ ಒಂದು ಚಮಚ ನಿಂಬೆ ಉಪ್ಪನ್ನೋ ಅರ್ಧ ಲೋಟ ಬಿಳಿಯ ವಿನಿಗರನ್ನೋ ಬೆರೆಸಿದರೆ ಉಳಿದ ಕ್ಷಾರ ಅಡಗುತ್ತದೆ. ಬ್ಲೀಚಿಂಗ್ ಪುಡಿ ಬಳಸಿದ ತೊಟ್ಟಿಗೆ ಮಾತ್ರ ಹುಳಿಯನ್ನು ಎಂದೂ ಹಾಕಬಾರದು. ಏಳುವ ಕ್ಲೋರಿನ್ ಅನಿಲ ಪ್ರಾಣಕ್ಕೆ ಅಪಾಯ.

ಪಟ್ಟಣದ ಮನೆಗಳಲ್ಲಿ ಉಣ್ಣೆಯ ರತ್ನಗಂಬಳಿಯನ್ನು ಯಂತ್ರದವರ ಕೈಗೆ ಒಪ್ಪಿಸುವವರು ಯಾವ ದ್ರವ ಹಾಕುತ್ತೀರಿ ಎಂದು ಕೇಳುತ್ತಾರೆ. ಬರಿಯ ನೀರಿನಿಂದ ಎಷ್ಟು ಸಲ ಜಾಲಿಸಿ ಹೀರುತ್ತೀರಿ ಎಂದು ಕೇಳುವವರಿಲ್ಲ. ಕೇಳಬೇಕಾದುದು ಎರಡನೆಯದು. ಹೀರದೆ ಬಿಟ್ಟ ಕಂಬಳಿ ಎರಡು ದಿನ ಒದ್ದೆಯಾಗಿದ್ದರೆ ಅಡಿಯ ಸೆಣಬಿನ ಕಂದು ರಸ ನೂಲಿನ ತುದಿಗೆ ಏರಿ, ತೊಳೆಯುವ ಮುನ್ನ ಇಲ್ಲದ ಕಲೆ ತೊಳೆದ ಮೇಲೆ ಕಾಣುತ್ತದೆ. ಹತ್ತಿಯನ್ನು ಬಿಸಿಲಿನಲ್ಲಿ, ಉಣ್ಣೆಯನ್ನು ಗಾಳಿಯಾಡುವ ನೆರಳಿನಲ್ಲಿ, ಎರಡು ಮಗ್ಗುಲೂ ಬೇಗ ಆರಿಸಬೇಕು.

ಬೈರಕೂರಿನ ಕಡೆಯ ನಮ್ಮ ಯಜಮಾನ ಈಗ ಪುಡಿಯನ್ನು ಹಿಡಿಯಿಂದಲ್ಲ, ಚಮಚದಿಂದ ಅಳೆಯುತ್ತಿರಲಿ. ಅಂಗಳದಲ್ಲಿ ಮೂರು ತೊಟ್ಟಿಗಳು ಸಾಲಾಗಿವೆ. ಬಂಡೆಯ ಮೇಲೆ ಜಮಖಾನಗಳು ಆರುತ್ತಿವೆ. ಸುರುಳಿ ಸುತ್ತುವ ಮುನ್ನ ತಾಯಿ ಒಂದೊಂದರ ಹಿಂಬದಿಯ ಮೇಲೆ ಅಂಗೈಯಿಟ್ಟು ನೋಡುತ್ತಾಳೆ. “ಇದು ಇನ್ನೂ ತಣ್ಣಗಿದೆ ಕಣಪ್ಪ, ಸಂಜೆವರೆಗೂ ಬಿಡು” ಎಂದರೆ ಅವನು ಮರುಮಾತಾಡದೆ ಅದನ್ನು ಮಗುಚಿ ಹಾಕುತ್ತಾನೆ.