ಆ ತಂತಿ ಯಾವ ಊರಿನದು?
ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಆಯುಕ್ತರಿಗೆ ಅಕ್ಕೂರಿನಿಂದ ಒಂದು ಬಹಿರಂಗ ಪತ್ರ

ಮಾನ್ಯ ಆಯುಕ್ತರೇ,

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಸೇರಿದ ಒಂದು ಎಲೆಕ್ಟ್ರಿಕ್ ಗಿಟಾರಿನ ತಕರಾರನ್ನು ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನಲ್ಲಿ ಕೂತು ಮೈಸೂರಿನ ತಮ್ಮ ಕಚೇರಿಗೆ ಬರೆಯುತ್ತಿದ್ದೇನೆ. ಇದಕ್ಕೂ ತಮಗೂ ಏನು ಸಂಬಂಧ ಎಂದು ಅನ್ನಿಸಿದರೆ ಅದು ಸಹಜ. ಗಿಟಾರು ಅವರದೇ ಇರಲಿ, ತಂತಿಯ ಮಾತು ನಮ್ಮ ತಾಲ್ಲೂಕಿಗೆ ಸೇರಿದ್ದು. ದಯವಿಟ್ಟು ಕೊನೆಯವರೆಗೂ ಓದಬೇಕು.

2025ರ ಮೇ ತಿಂಗಳಲ್ಲಿ ಆ ಮ್ಯೂಸಿಯಂ ಒಂದು ಪ್ರಕಟಣೆ ಹೊರಡಿಸಿತು. ಡರ್ಕ್ ಝಿಫ್ ಎಂಬ ಸಂಗ್ರಾಹಕರು 500ಕ್ಕೂ ಹೆಚ್ಚು ಹಳೆಯ ಗಿಟಾರುಗಳನ್ನು ದಾನ ಕೊಡುತ್ತಿದ್ದಾರೆ ಎಂಬುದು ಅದರ ಸಾರ. ಆ ರಾಶಿಯಲ್ಲಿ 1959ರ ಗಿಬ್ಸನ್ ಲೆಸ್ ಪಾಲ್ ಒಂದಿದೆ. ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ 1964ರ ಅಕ್ಟೋಬರ್‌ನಲ್ಲಿ ಅಮೆರಿಕದ ಎಡ್ ಸಲಿವನ್ ಟೀವಿ ಕಾರ್ಯಕ್ರಮದಲ್ಲಿ ನುಡಿಸಿದ್ದು ಅದನ್ನೇ. ಅಲ್ಲಿಯವರೆಗೆ ಯಾರ ತಕರಾರೂ ಇಲ್ಲ. ಅಲ್ಲಿಂದ ಮುಂದೆ ಕಥೆ ಎರಡಾಗುತ್ತದೆ. 1969ರಲ್ಲಿ ಅದೇ ತಂಡ ಸೇರಿ 1974ರಲ್ಲಿ ಬಿಟ್ಟ ಗಿಟಾರ್ ವಾದಕ ಮಿಕ್ ಟೇಲರ್ ಅವರ ಕಡೆಯವರು ಹೇಳುವುದು ಹೀಗೆ: ಅದು 1967ರಲ್ಲೇ ಟೇಲರ್ ಕೈಗೆ ಬಂದಿತ್ತು, 1971ರಲ್ಲಿ ದಕ್ಷಿಣ ಫ್ರಾನ್ಸಿನ ನೆಲ್‌ಕೋಟ್ ಬಂಗಲೆಯಲ್ಲಿ ತಂಡ ಹಾಡು ಮುದ್ರಿಸುತ್ತಿದ್ದ ಕಾಲಕ್ಕೆ ಬೇರೆ ವಾದ್ಯಗಳ ಜೊತೆ ಕಳುವಾಯಿತು. ಟೇಲರ್ ಯಾವತ್ತಾದರೂ ಅದರ ಒಡೆಯರಾಗಿದ್ದರು ಎನ್ನಲು ದಾಖಲೆಯೇ ಇಲ್ಲ, ಗಿಟಾರು ಯಾರಿಂದ ಯಾರಿಗೆ ಹೋಯಿತೆಂಬುದು ಚೆನ್ನಾಗಿ ದಾಖಲಾಗಿದೆ ಎಂಬುದು ಮ್ಯೂಸಿಯಂನ ಉತ್ತರ.

ಟೇಲರ್ ಕಡೆಯವರು ನಂಬಿರುವುದು ಫೋಟೋಗಳನ್ನು, ಮರದ ಗೆರೆಗಳನ್ನು. ಆ ಕಾಲದ ಲೆಸ್ ಪಾಲ್ ಗಿಟಾರುಗಳ ಮೇಲ್ಮೈ ಮೇಪಲ್ ಮರದ್ದು. ಅದರೊಳಗಿನ ಅಲೆಅಲೆಯ ನಾರು ಒಂದರಲ್ಲಿದ್ದಂತೆ ಇನ್ನೊಂದರಲ್ಲಿ ಇರುವುದಿಲ್ಲ. ಹಾಗಾಗಿ ಹಳೆಯ ಫೋಟೋ ಇಟ್ಟುಕೊಂಡು ಗಿಟಾರನ್ನು ಗುರುತಿಸಬಹುದು. ಆದರೆ ಫೋಟೋ ತೋರಿಸುವುದು ನುಡಿಸಿದವರು ಯಾರು ಎಂಬುದನ್ನು ಮಾತ್ರ, ಒಡೆಯರು ಯಾರು ಎಂಬುದನ್ನಲ್ಲ. ಒಂದೇ ತಂಡದವರು ಒಬ್ಬರ ವಾದ್ಯವನ್ನು ಇನ್ನೊಬ್ಬರು ಎತ್ತಿಕೊಂಡು ನುಡಿಸುವುದು ಲಂಡನ್ನಿನಲ್ಲೂ ಉಂಟು, ನಮ್ಮ ಭಜನೆ ಮನೆಯಲ್ಲೂ ಉಂಟು. ಇಂಥ ಕಡೆ ಕಳೆದುಕೊಂಡೆ ಅನ್ನುವವರೇ ಎಲ್ಲವನ್ನೂ ಸಾಬೀತು ಮಾಡಬೇಕು ಎನ್ನುವುದು ನ್ಯಾಯವಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ. ಸಾರ್ವಜನಿಕ ಸಂಸ್ಥೆಯೊಂದು ವಸ್ತುವನ್ನು ಒಳಗೆ ತೆಗೆದುಕೊಳ್ಳುವಾಗ ಅದರ ಪೂರ್ವಾಪರದ ಕಾಗದಗಳನ್ನು ವಸ್ತುವಿನ ಪಕ್ಕದಲ್ಲೇ ಜನರ ಮುಂದೆ ಇಡಬೇಕು.

ಫೋಟೋ ಎಷ್ಟು ದೂರ ಒಯ್ಯಬಲ್ಲದು ಎನ್ನುವುದಕ್ಕೆ ಇನ್ನೊಂದು ಗಿಟಾರಿನ ಕಥೆ ಇದೆ. ಕೆನಡಾದ ರ‍್ಯಾಂಡಿ ಬಾಕ್ಮನ್ ಅವರ ಕಿತ್ತಳೆ ಬಣ್ಣದ ಗ್ರೆಚ್ ಗಿಟಾರು 1976ರಲ್ಲಿ ಟೊರಾಂಟೊದ ಹೋಟೆಲೊಂದರಿಂದ ಕಳುವಾಯಿತು. ನಾಲ್ಕು ದಶಕ ದಾಟಿದ ಮೇಲೆ ಅಭಿಮಾನಿಯೊಬ್ಬರು ಹಳೆಯ ಚಿತ್ರದಲ್ಲಿದ್ದ ಮರದ ಗಂಟಿನ ಗುರುತು ಹಿಡಿದು ಹುಡುಕಿದರು. ಅದು ಜಪಾನಿನ ಸಂಗೀತಗಾರರೊಬ್ಬರ ಕೈಯಲ್ಲಿತ್ತು. 2022ರಲ್ಲಿ ಟೋಕಿಯೊದಲ್ಲಿ ಅವರಿಗೆ ಅದೇ ಬಗೆಯ ಬೇರೊಂದು ಗಿಟಾರು ಕೊಟ್ಟು ಬಾಕ್ಮನ್ ತಮ್ಮದನ್ನು ವಾಪಸ್ ಪಡೆದರು. ಹಳೆಯದೊಂದು ಚಿತ್ರ ಉಳಿದಿದ್ದರಿಂದ ವಾದ್ಯ ಮನೆ ಸೇರಿತು.

ಈಗ ನಮ್ಮೂರಿನ ಮಾತು. ಎಲೆಕ್ಟ್ರಿಕ್ ಗಿಟಾರು ಮಾತಾಡಬೇಕಾದರೆ ತಂತಿ ಕಬ್ಬಿಣದ ಜಾತಿಯದ್ದೇ ಆಗಿರಬೇಕು. ತಂತಿಯ ಕೆಳಗೆ ಅಯಸ್ಕಾಂತವೂ ಅದರ ಸುತ್ತ ತಾಮ್ರದ ಸುರುಳಿಯೂ ಇರುತ್ತವೆ. ಉಕ್ಕಿನ ತಂತಿ ಅದುರಿದಾಗ ಕಾಂತಕ್ಷೇತ್ರ ಅಲ್ಲಾಡುತ್ತದೆ, ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ನೈಲಾನ್ ತಂತಿಯೋ ಕರುಳಿನ ತಂತಿಯೋ ಕಟ್ಟಿದರೆ ಆ ಗಿಟಾರು ಮೂಕ. ಲಕ್ಷಾಂತರ ಡಾಲರ್ ಬೆಲೆಯ ಮರದ ಬಗ್ಗೆ ಜಗಳವಾಡುವವರು ತಂತಿಯ ಬಗ್ಗೆ ಕೇಳುವುದಿಲ್ಲ, ಏಕೆಂದರೆ ತಂತಿ ಹರಿಯುತ್ತದೆ, ಬದಲಾಯಿಸಿ ಬಿಸಾಡುತ್ತಾರೆ. ವಾದ್ಯಕ್ಕೆ ಕಟ್ಟುವ ಉಕ್ಕಿನ ತಂತಿಯನ್ನು ಒಂದು ಕಾಲಕ್ಕೆ ನಮ್ಮ ಚನ್ನಪಟ್ಟಣದಲ್ಲೇ ಮಾಡುತ್ತಿದ್ದರು.

ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಮೈಸೂರು ಸೀಮೆಯನ್ನು ಸುತ್ತಿದ. ಅವನ ಪ್ರವಾಸ ಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಬೆಂಗಳೂರಿನಿಂದ ಶ್ರೀರಂಗಪಟ್ಟಣದ ದಾರಿಯಲ್ಲಿ ಚನ್ನಪಟ್ಟಣಕ್ಕೆ ಬಂದಾಗ ಅವನು ಬರೆದುಕೊಂಡ ಕಸುಬುಗಳಲ್ಲಿ ಗಾಜಿನ ಕೆಲಸ ಒಂದು. ಇನ್ನೊಂದು ಸಂಗೀತ ವಾದ್ಯಗಳಿಗೆ ಕಟ್ಟುವ ಉಕ್ಕಿನ ತಂತಿ. ಆ ತಂತಿಗೆ ಬಹಳ ಹೆಸರಿತ್ತು, ಹಿಂದೂಸ್ಥಾನದ ದೂರದೂರದ ಭಾಗಗಳಿಗೆ ಅದು ಹೋಗುತ್ತಿತ್ತು ಎಂದೂ ಅವನು ದಾಖಲಿಸಿದ್ದಾನೆ. ಇವತ್ತು ಚನ್ನಪಟ್ಟಣ ಎಂದರೆ ಬೊಂಬೆ. ತಂತಿಯ ಮಾತೆತ್ತಿದರೆ ಚನ್ನಪಟ್ಟಣದವರೇ ಅಚ್ಚರಿಯಿಂದ ನೋಡುತ್ತಾರೆ.

ತಂತಿ ಎಳೆಯುವುದು ಸುಲಭದ ಕೆಲಸವಲ್ಲ ಎಂಬುದನ್ನು ಯಾವ ಅಕ್ಕಸಾಲಿಗರಾದರೂ ಹೇಳುತ್ತಾರೆ. ಒಂದಕ್ಕಿಂತ ಒಂದು ಸಣ್ಣದಾದ ತೂತುಗಳಿರುವ ಗಟ್ಟಿ ಪಟ್ಟಿಯಲ್ಲಿ ಸರಳನ್ನು ತೂರಿಸಿ ಎಳೆಯಬೇಕು. ಎಳೆದಷ್ಟೂ ಲೋಹ ಬಿರುಸಾಗುತ್ತದೆ. ನಡುನಡುವೆ ಕಾಯಿಸಿ ಮೆದು ಮಾಡಿಕೊಳ್ಳದಿದ್ದರೆ ಕಡಿದುಹೋಗುತ್ತದೆ. ಚಿನ್ನ, ಬೆಳ್ಳಿ ಹೇಳಿದಂತೆ ಕೇಳುವ ಲೋಹಗಳು, ಉಕ್ಕು ಹಾಗಲ್ಲ. ಉದ್ದಕ್ಕೂ ದಪ್ಪ ಒಂದೇ ಸಮ ಇಲ್ಲದಿದ್ದರೆ ತಂತಿಯ ಶ್ರುತಿ ನಿಲ್ಲುವುದಿಲ್ಲ. ಇಷ್ಟು ನಾಜೂಕಿನ ಕೆಲಸವನ್ನು ವಿದ್ಯುತ್ತಿಲ್ಲದ ಕಾಲದಲ್ಲಿ ನಮ್ಮ ತಾಲ್ಲೂಕಿನ ಕೈಗಳು ಮಾಡಿದ್ದವು. 19ನೇ ಶತಮಾನದಲ್ಲಿ ಯುರೋಪಿನ ಕಾರ್ಖಾನೆಗಳ ತಂತಿ ಹಡಗಿನಲ್ಲಿ ಬಂದಿಳಿಯಿತು. ಮುಂದೆ ನಮ್ಮ ಕಸುಬೂ ಅಳಿಯಿತು. ತಂತಿ ಎಳೆದವರು ಯಾರು, ಯಾವ ಬೀದಿಯಲ್ಲಿದ್ದರು ಎಂದು ಒಂದು ಹೆಸರನ್ನೂ ಬುಕನನ್ ಬರೆಯಲಿಲ್ಲ. ಕೀತ್ ರಿಚರ್ಡ್ಸ್ ಗಿಟಾರಿಗೆ ಮಾಲೀಕರ ಪಟ್ಟಿಯೇ ಇದೆ. ದೇಶಕ್ಕೆಲ್ಲ ತಂತಿ ಕೊಟ್ಟವರಿಗೆ ಪರದೇಶದ ಪ್ರಯಾಣಿಕನೊಬ್ಬನ ಒಂದೆರಡು ಸಾಲು.

ಬರೆದಿಡದಿದ್ದರೆ ಏನಾಗುತ್ತದೆ ಎಂಬುದನ್ನು ಬೊಂಬೆಗಳಲ್ಲೇ ನೋಡಬಹುದು. ಟಿಪ್ಪು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಕಲಿಸಿದ ಎನ್ನುತ್ತಾರೆ. ಬಾವಾಸ್ ಮಿಯಾ ಎಂಬುವರು ಜಪಾನಿನ ತಂತ್ರವನ್ನು ಇಲ್ಲಿಗೆ ಒಗ್ಗಿಸಿದರು ಎಂದೂ ಹೇಳುತ್ತಾರೆ. ಹೀಗೆ ಒಂದೇ ಕಲೆಗೆ ಎರಡು ಕಥೆ. ಹಾಲೆಮರಕ್ಕೆ ಅರಗು ಹಿಡಿಸುವ ಈ ಕಲೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ್ದರಿಂದ ಹೆಸರಿಗೊಂದು ಕಾವಲಾದರೂ ಇದೆ. ತಂಜಾವೂರು ವೀಣೆಗೆ 2013ರಲ್ಲಿ, ಮೀರಜಿನ ಸಿತಾರು, ತಂಬೂರಕ್ಕೆ 2024ರಲ್ಲಿ ಅದೇ ಮಾನ್ಯತೆ ಸಿಕ್ಕಿತು. ಚನ್ನಪಟ್ಟಣದ ತಂತಿಯ ಪರವಾಗಿ ಅರ್ಜಿ ಹಾಕಲು ಅದನ್ನು ಮಾಡುವವರೇ ಉಳಿದಿಲ್ಲ. ಉಳಿದಿರುವುದಾದರೆ ತಂತಿಯೇ ಉಳಿದಿರಬೇಕು, ಯಾವುದೋ ಹಳೆಯ ವೀಣೆಯ ಕುತ್ತಿಗೆಗೆ ಸುತ್ತಿಕೊಂಡು.

ಇದು ಬರಿಯ ಆಸೆಯ ಮಾತಲ್ಲ. ಸ್ಮಿತ್ಸೋನಿಯನ್ ಸಂಸ್ಥೆಯ ಲೋಹತಜ್ಞೆ ಮಾರ್ಥಾ ಗುಡ್ವೇ 1987ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಯುರೋಪಿನ ಹಳೆಯ ತಂತಿವಾದ್ಯಗಳ ಕಬ್ಬಿಣದ ತಂತಿಯ ಬಗ್ಗೆ ಬರೆದರು. ಆ ತಂತಿಯ ಗಟ್ಟಿತನಕ್ಕೆ ಕಾರಣ ಅದರೊಳಗಿನ ರಂಜಕ ಎಂದು ತೋರಿಸಿದರು. ಅಂದರೆ ಒಂದು ತುಂಡು ತಂತಿ ತಾನು ಹುಟ್ಟಿದ ಬಗೆಯನ್ನು ಹೊಟ್ಟೆಯಲ್ಲಿಟ್ಟುಕೊಂಡಿರುತ್ತದೆ. ಮೂಸೆಯಲ್ಲಿ ಕರಗಿಸಿದ ನಮ್ಮ ನಾಡಿನ ಉಕ್ಕನ್ನು ಬೆಂಗಳೂರಿನ ವಿಜ್ಞಾನ ಸಂಸ್ಥೆಗಳಲ್ಲೇ ಅಭ್ಯಾಸ ಮಾಡಿದವರಿದ್ದಾರೆ. ಹಳೆಯ ತಂತಿಯ ಒಂದು ಚೂರು ಸಿಕ್ಕರೆ ಅದು ಕಾರ್ಖಾನೆಯದೋ ಕೈಯಲ್ಲಿ ಎಳೆದದ್ದೋ ಎಂದು ಪರೀಕ್ಷಿಸಲು ವಿದೇಶಕ್ಕೆ ಹೋಗಬೇಕಿಲ್ಲ.

ನಾನು ಕೇಳುವುದು ದೊಡ್ಡ ಕಟ್ಟಡವನ್ನಲ್ಲ. ಒಂದು ಗುಂಟೆ ಜಮೀನಿಗೂ ಪಹಣಿ ಇದೆ, ಯಾರಿಂದ ಯಾರಿಗೆ ಬಂತೆಂದು ಬರೆಯುವ ಪದ್ಧತಿ ಇದೆ. ರಾಜ್ಯದ ಸಂಗ್ರಹಾಲಯಗಳಲ್ಲಿರುವ ಪ್ರತಿ ವಾದ್ಯಕ್ಕೂ ಅಂಥದೊಂದು ಪೂರ್ವಾಪರದ ವಹಿ ತೆರೆಯಿರಿ. ಮಾಡಿದವರು, ನುಡಿಸಿದವರು, ಕೊಟ್ಟವರು, ಬಂದ ದಿನ, ರಿಪೇರಿ ಮಾಡಿಸಿದ್ದು, ನಾಲ್ಕೂ ಕಡೆಯಿಂದ ತೆಗೆದ ಫೋಟೋ, ಇವಿಷ್ಟು ಅದರಲ್ಲಿರಲಿ. ಯಾರಾದರೂ ಕೇಳಿದರೆ ಆ ವಹಿಯನ್ನು ತೋರಿಸುವಂತಿರಲಿ. ಶ್ರೀರಂಗಪಟ್ಟಣದಿಂದ 1799ರಲ್ಲಿ ಹೊತ್ತೊಯ್ದ ಟಿಪ್ಪುವಿನ ಮರದ ಹುಲಿ ಇವತ್ತು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಅದರ ಹೊಟ್ಟೆಯಲ್ಲೊಂದು ಆರ್ಗನ್ ವಾದ್ಯವಿದೆ. ಅದರ ಯಂತ್ರದಲ್ಲಿ ಫ್ರೆಂಚರ ಕೈ ಎಷ್ಟು, ಮೈಸೂರಿನವರ ಕೈ ಎಷ್ಟು ಎಂದು ವಿದ್ವಾಂಸರು ಈಗಲೂ ವಾದಿಸುತ್ತಾರೆ. ಅರಮನೆಯ ವಸ್ತುವಿನ ಗತಿಯೇ ಹೀಗಾದರೆ, ಹಳ್ಳಿಯ ತಂಬೂರಿಯನ್ನು ಕೇಳುವವರು ಯಾರು?

ತಂಬೂರಿಯ ಹೆಸರನ್ನು ಸುಮ್ಮನೆ ಎತ್ತಲಿಲ್ಲ. ಮಂಟೇಸ್ವಾಮಿ ಪರಂಪರೆಯ ನೀಲಗಾರರು, ತತ್ವಪದ ಹಾಡುವವರು ನಮ್ಮ ಸೀಮೆಯಲ್ಲಿ ಇನ್ನೂ ಇದ್ದಾರೆ. ಅವರ ತಂಬೂರಿಗಳು ಗುರುವಿನಿಂದ ಶಿಷ್ಯನಿಗೆ, ತಂದೆಯಿಂದ ಮಗನಿಗೆ ಬಾಯಿಮಾತಿನ ಮೇಲೆ ದಾಟುತ್ತವೆ. ಹಾಡುವವರು ತೀರಿಕೊಂಡ ಮೇಲೆ ಹಳೆಯ ಸಾಮಾನು ಕೊಳ್ಳುವವರು ಬಂದು ಅಲಂಕಾರಕ್ಕೆಂದು ಒಯ್ಯುತ್ತಾರೆ. ಬೆಂಗಳೂರಿನ ಹೋಟೆಲ್ ಗೋಡೆಗೆ ತೂಗುಬಿದ್ದ ದಿನ ಅದು ಯಾವ ಊರಿನದೆಂದು ಹೇಳಲು ಯಾರೂ ಇರುವುದಿಲ್ಲ. ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ರಾಮನಗರದಲ್ಲೇ ಇದೆ. ಅದು ತಮ್ಮ ಇಲಾಖೆಗೆ ಸೇರಿದ್ದಲ್ಲವಾದರೂ ಅಲ್ಲಿನವರ ಜೊತೆ ಕೂತು ಸುತ್ತಲಿನ ತಾಲ್ಲೂಕುಗಳ ತಂಬೂರಿಗಳನ್ನು ಅವುಗಳ ಮನೆಗಳಲ್ಲೇ ಇಟ್ಟು ದಾಖಲಿಸಬಹುದು. ಯಾರದನ್ನೂ ಕಿತ್ತು ತರಬೇಡಿ. ಫೋಟೋ ತೆಗೆಯಿರಿ, ಹಿರಿಯರ ಮಾತನ್ನು ರೆಕಾರ್ಡ್ ಮಾಡಿ, ಒಂದು ಪ್ರತಿಯನ್ನು ಮನೆಯವರಿಗೇ ಕೊಡಿ. ಅಕ್ಕೂರು, ಅಬ್ಬೂರು, ಮಳೂರು ಕಡೆಗೆ ತಮ್ಮ ಸಿಬ್ಬಂದಿ ಬಂದರೆ ಮನೆ ತೋರಿಸಲು ನಾನು ಸಿದ್ಧನಿದ್ದೇನೆ.

ಇನ್ನೊಂದನ್ನು ಈ ವಾರವೇ ಮಾಡಬಹುದು, ಅದಕ್ಕೆ ಹಣವೂ ಬೇಡ. ಸಂಗ್ರಹಾಲಯಗಳಲ್ಲಿ ಹಳೆಯ ವಾದ್ಯವನ್ನು ಶುಚಿ ಮಾಡುವಾಗ ತುಕ್ಕು ಹಿಡಿದ ತಂತಿಯನ್ನು ಕಿತ್ತು ಕಸಕ್ಕೆ ಹಾಕಬಾರದು ಎಂದು ಒಂದು ಸುತ್ತೋಲೆ ಕಳಿಸಿ. ತೆಗೆದ ತಂತಿಯನ್ನು ಒಣ ಕಾಗದದ ಕವರಿನಲ್ಲಿಟ್ಟು, ಯಾವ ವಾದ್ಯದ ಎಷ್ಟನೆಯ ತಂತಿ ಎಂದು ಮೇಲೆ ಬರೆದು, ದಿನಾಂಕ ಹಾಕಿ ಸಹಿ ಮಾಡಿಸಿ.

ತಮ್ಮ ವಿಶ್ವಾಸಿ,
ಅಕ್ಕೂರಿನ ನಿವಾಸಿ