ಹುಟ್ಟೂರಿಗೆ ಕಸುಬನ್ನು ಮರಳಿ ತಂದ ದರ್ಜಿ

ಉಡುಪು ಮೈಗೊಪ್ಪಿದರೆ ತೊಟ್ಟವನಿಗೆ ಹೊಗಳಿಕೆ, ಒಪ್ಪದಿದ್ದರೆ ಹೊಲಿದವನಿಗೆ ಬೈಗುಳು, ಇದು ಲೋಕರೂಢಿ. ಇಂಥ ವೃತ್ತಿಯಿಂದಲೇ ಕೀರ್ತಿಯನ್ನು ಗಳಿಸಿ, ತನ್ನ ಊರಿನ ಅನೇಕ ಮನೆಗಳಿಗೆ ಅನ್ನದ ದಾರಿಯನ್ನು ತೋರಿದ ಇಟಲಿಯ ನಜರೇನೋ ಫಾಂಟಿಕೋಲಿಯ ಚರಿತ್ರೆಯನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಆತನು 1906ರಲ್ಲಿ, ಅಬ್ರುಟ್ಸೋ ಪ್ರಾಂತದ ಪೆನ್ನೆ ಎಂಬ ಬೆಟ್ಟದೂರಿನಲ್ಲಿ ಜನಿಸಿದನು. ಆ ಸೀಮೆಯು ದರ್ಜಿಗಳಿಗೆ ಹೆಸರಾದುದು. ಆದರೆ ಹಣವಂತ ಗಿರಾಕಿಗಳಿದ್ದುದು ದೂರದ ನಗರಗಳಲ್ಲಿ. ಆದುದರಿಂದ ಕಸುಬನ್ನು ಕಲಿತ ಫಾಂಟಿಕೋಲಿಯು ರೋಮ್ ನಗರವನ್ನು ಸೇರಿದನು. ಅಲ್ಲಿ ಗಾಯೆತಾನೋ ಸಾವೀನಿಯ ಸ್ನೇಹವಾಯಿತು. ಒಬ್ಬನು ಕತ್ತರಿಯಲ್ಲಿ ನಿಪುಣ, ಇನ್ನೊಬ್ಬನು ವ್ಯಾಪಾರದಲ್ಲಿ ಚತುರ. ಮಹಾಯುದ್ಧವು ಮುಗಿದ 1945ರಲ್ಲಿ ಇಬ್ಬರೂ ಕೂಡಿ ಬಾರ್ಬೆರೀನಿ ಬೀದಿಯಲ್ಲಿ ಅಂಗಡಿಯನ್ನು ತೆರೆದು, ಏಡ್ರಿಯಾಟಿಕ್ ಸಮುದ್ರದ ದ್ವೀಪಗಳ ಹೆಸರನ್ನು ಹಿಡಿದು ಅದಕ್ಕೆ 'ಬ್ರಿಯೋನಿ' ಎಂದು ಹೆಸರಿಟ್ಟರು.

ಆ ಕಾಲದಲ್ಲಿ ಗಂಡಸರ ಕೋಟಿಗೆ ಲಂಡನ್ನಿನ ದರ್ಜಿಗಳೇ ಪ್ರಮಾಣ. ಕಪ್ಪು, ಬೂದು ಬಣ್ಣಗಳು, ಭಾರವಾದ ಉಣ್ಣೆ, ಗಡುಸಾದ ಕಟ್ಟು. ಈ ಇಬ್ಬರಾದರೋ ಹಗುರವಾದ ಬಟ್ಟೆ, ಹೊಳಪಿನ ಬಣ್ಣ, ಮೈಗೆ ಹತ್ತಿದ ನೀಳವಾದ ಕಟ್ಟನ್ನು ಆರಿಸಿಕೊಂಡರು. 1952ರಲ್ಲಿ ಫ್ಲಾರೆನ್ಸಿನ ಪಿಟ್ಟಿ ಅರಮನೆಯಲ್ಲಿ ತಮ್ಮ ಉಡುಪುಗಳನ್ನು ಗಂಡಸರಿಗೆ ತೊಡಿಸಿ ಸಭೆಯ ಮುಂದೆ ನಡೆಸಿದರು. ಅಂದಿನವರೆಗೆ ಇಂಥ ಪ್ರದರ್ಶನಗಳು ಸ್ತ್ರೀಯರ ಉಡುಪಿಗೇ ಮೀಸಲಾಗಿದ್ದವು. ಅಮೆರಿಕದ ವರ್ತಕರು ಮೆಚ್ಚಿದರು. ಕ್ಲಾರ್ಕ್ ಗೇಬಲ್, ಜಾನ್ ವೇಯ್ನ್ ಮೊದಲಾದ ನಟರು ಗಿರಾಕಿಗಳಾದರು.

ಕೀರ್ತಿಯ ಹಿಂದೆಯೇ ಕಷ್ಟವೂ ಬಂದಿತು. ಕೈಹೊಲಿಗೆಯ ಕೋಟೊಂದಕ್ಕೆ 20 ಗಂಟೆಗೂ ಮೀರಿದ ದುಡಿಮೆ ಬೇಕು. ಮೇಲಿನ ಬಟ್ಟೆಗೂ ಒಳಗಿನ ಅಸ್ತರಿಗೂ ನಡುವೆ ಕುದುರೆಯ ಕೂದಲು ಬೆರೆತ ಗಟ್ಟಿ ಬಟ್ಟೆಯೊಂದಿರುತ್ತದೆ. ಅದನ್ನು ಸಣ್ಣ ಸಣ್ಣ ಹೊಲಿಗೆಗಳಿಂದ ಸಡಿಲವಾಗಿ ಹಿಡಿದರೆ ಮಾತ್ರ ಎದೆಯ ಭಾಗವು ಮೈಯೊಡನೆ ಬಾಗುತ್ತದೆ. ಅಗ್ಗದ ಕೋಟುಗಳಲ್ಲಿ ಈ ಪದರವನ್ನು ಅಂಟಿನಿಂದ ಕೂಡಿಸುವುದುಂಟು. ವಾಚಕರು ಗುಂಡಿಯ ಬಳಿ ಬಟ್ಟೆಯನ್ನು ಮೆಲ್ಲಗೆ ಚಿವುಟಿ ನೋಡಲಿ: ನಡುವಿನ ಪದರವು ಬೇರೆಯಾಗಿ ಜಾರಿದರೆ ಅದು ಹೊಲಿದದ್ದು, ಎಲ್ಲವೂ ಒಂದೇ ಹಲಗೆಯಂತೆ ಕೈಗೆ ಬಂದರೆ ಅಂಟಿಸಿದ್ದು.

ಬೇಡಿಕೆ ನೂರ್ಮಡಿಯಾದರೆ ದರ್ಜಿಯು ಮಾಡುವುದೇನು? ಅಂಟಿಗೂ ಯಂತ್ರಕ್ಕೂ ಶರಣಾಗಬೇಕು, ಇಲ್ಲವೇ ಬಂದ ಗಿರಾಕಿಯನ್ನು ಹಿಂದಕ್ಕೆ ಕಳುಹಿಸಬೇಕು. ಫಾಂಟಿಕೋಲಿಯು ಮೂರನೆಯ ದಾರಿಯನ್ನು ಹಿಡಿದನು. 1959ರ ಸುಮಾರಿಗೆ ತನ್ನ ಹುಟ್ಟೂರಾದ ಪೆನ್ನೆಯಲ್ಲಿಯೇ ಕಾರ್ಖಾನೆಯು ಏರ್ಪಟ್ಟಿತು. ಜೇಬಿಗೊಬ್ಬರು, ಕೊರಳಪಟ್ಟಿಗೊಬ್ಬರು, ಕಾಜಕ್ಕೊಬ್ಬರು, ನಡುನಡುವೆ ಇಸ್ತ್ರಿಗೊಬ್ಬರು. ಹೀಗೆ ಕೆಲಸವನ್ನು ಹಂಚಿದರೂ ಸೂಜಿಯು ಕೈಯಲ್ಲಿಯೇ ಉಳಿಯಿತು. ಬದುಕನ್ನರಸಿ ತಾನು ಬಿಟ್ಟುಹೋದ ಊರಿಗೆ ಬದುಕನ್ನೇ ತಂದುಕೊಟ್ಟಂತಾಯಿತು.

ಆದರೆ ಇದರಲ್ಲೊಂದು ಅಪಾಯವೂ ಅಡಗಿದೆ. ಜೀವಮಾನವೆಲ್ಲ ಕಾಜವನ್ನೇ ಹೊಲಿದವನು ಇಡಿಯ ಕೋಟನ್ನು ಕತ್ತರಿಸಬಲ್ಲನೇ? ಕಸುಬು ಹಂಚಿಹೋದಷ್ಟೂ ಅದನ್ನು ಪೂರ್ಣವಾಗಿ ಬಲ್ಲವರು ವಿರಳವಾಗುತ್ತಾರೆ. ಹಿರಿಯರು ಒಬ್ಬೊಬ್ಬರಾಗಿ ಕಣ್ಮರೆಯಾದರೆ ಮುಂದೆ ಕಲಿಸುವವರು ಯಾರು? ಫಾಂಟಿಕೋಲಿಯು 1981ರಲ್ಲಿ ತೀರಿಕೊಂಡನು. ನಾಲ್ಕು ವರ್ಷಗಳ ತರುವಾಯ, 1985ರಲ್ಲಿ, ಸಂಸ್ಥೆಯು ಪೆನ್ನೆಯಲ್ಲಿ ಎಳೆಯರಿಗಾಗಿ ಹೊಲಿಗೆಯ ಶಾಲೆಯನ್ನು ಸ್ಥಾಪಿಸಿತು. ಅದಕ್ಕೆ ಆತನ ಹೆಸರೇ ಬಂದಿದೆ. ಬಿಡಿ ಕೆಲಸವನ್ನಲ್ಲ, ಪೂರ್ಣ ವಿದ್ಯೆಯನ್ನು ಕಲಿಸುವುದೇ ಅದರ ಉದ್ದೇಶ.

2012ರಲ್ಲಿ ಬ್ರಿಯೋನಿಯು ಫ್ರಾನ್ಸಿನ ದೊಡ್ಡ ವ್ಯಾಪಾರಸಂಸ್ಥೆಯೊಂದರ ಕೈಸೇರಿತು. ಅಂಗಡಿಯನ್ನೂ ಹೆಸರನ್ನೂ ಹಣ ಕೊಟ್ಟು ಕೊಳ್ಳಬಹುದು. ಬೆರಳಿನ ವಿದ್ಯೆಯಾದರೋ ಒಬ್ಬರ ಪಕ್ಕದಲ್ಲಿ ಮತ್ತೊಬ್ಬರು ವರ್ಷಗಟ್ಟಲೆ ಕುಳಿತು ಕಲಿತಾಗ ಮಾತ್ರ ಉಳಿಯುವಂಥದು. ಕುಶಲಿಗಳಾದ ಹಿರಿಯರುಳ್ಳ ಮನೆಗಳವರು ಇದನ್ನು ಮರೆಯದಿರುವುದು ಲೇಸು.